ಕೋನ ಹುಡುಕಬೇಕೋ, ಬಿಗಿತ ಹುಡುಕಬೇಕೋ? ಒಂದೇ ಫಲಕದ ಮೇಲೆ ಮೂರು ದಾರಿ

ಲ್ಯಾಮಿನೇಟ್‌ನಲ್ಲಿ, ಅಂದರೆ ನಾರಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಫಲಕದಲ್ಲಿ, ಯಾವ ಪದರದ ನಾರು ಯಾವ ಕೋನದಲ್ಲಿರಬೇಕು? ಇದನ್ನು ಹುಡುಕುವ ಮೂರು ದಾರಿಗಳನ್ನು ಕಂಪ್ಯೂಟರ್‌ನಲ್ಲಿ ಒಂದೇ ಫಲಕದ ಮೇಲೆ ನಡೆಸಿ ನೋಡಿದೆ. ಕಾರ್ಬನ್-ಎಪಾಕ್ಸಿ (ಅಂಟಿನಲ್ಲಿ ಕೂರಿಸಿದ ಕಾರ್ಬನ್ ನಾರು), 16 ಪದರ. ನಡುವಿನಿಂದ ಮೇಲೂ ಕೆಳಗೂ ಒಂದೇ ಜೋಡಣೆ. ಉದ್ದ ಅಗಲದ ಒಂದೂವರೆ ಪಟ್ಟು. ಉದ್ದದ ದಿಕ್ಕಿನಲ್ಲಿ ಒತ್ತಿದಾಗ ಫಲಕ ಬಕಲ್ ಆಗದೆ, ಅಂದರೆ ತಟ್ಟನೆ ಉಬ್ಬಿ ಬಾಗದೆ, ಆದಷ್ಟು ಜಾಸ್ತಿ ಭಾರ ತಡೆಯಬೇಕು, ಅಷ್ಟೇ ಗುರಿ.

ಮೊದಲು ಗ್ರೇಡಿಯಂಟ್ ದಾರಿ ಹಿಡಿದೆ. ಭಾರ ಯಾವ ಕಡೆ ಏರುತ್ತದೋ ಆ ಇಳಿಜಾರು ನೋಡಿಕೊಂಡು ಕೋನಗಳನ್ನೇ ನೇರವಾಗಿ ಬದಲಿಸುತ್ತಾ ಹೋಗುವುದು. ಎಲ್ಲಾ ಪದರಗಳನ್ನೂ 0 ಡಿಗ್ರಿಯಲ್ಲಿ, ಅಂದರೆ ಉದ್ದದ ದಿಕ್ಕಿನಲ್ಲಿ, ಇಟ್ಟು ಶುರು ಮಾಡಿದರೆ ಹುಡುಕಾಟ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಇಡೀ ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಕೋನದ ಎರಡು ಪಟ್ಟು ಮತ್ತು ನಾಲ್ಕು ಪಟ್ಟಿನ ಕೊಸೈನ್‌ಗಳು ಬಿಗಿತವನ್ನು ನಿರ್ಧರಿಸುತ್ತವೆ. 0 ಮತ್ತು 90 ಡಿಗ್ರಿಯಲ್ಲಿ ಅವುಗಳ ಇಳಿಜಾರು ಸೊನ್ನೆ. ಇಳಿಜಾರೇ ಇಲ್ಲದ ಕಡೆ ಗ್ರೇಡಿಯಂಟ್‌ಗೆ ದಾರಿ ಕಾಣುವುದಿಲ್ಲ, ಅಲ್ವಾ? ಬೇರೆ ಕೋನಗಳಿಂದ ಹೊರಟರೆ ಓಡುತ್ತದೆ ನಿಜ. ಆದರೆ ಹೊರಟ ಜಾಗ ಬದಲಾದರೆ ಉತ್ತರವೂ ಬದಲಾಗುತ್ತದೆ. ಈ ದಾರಿಯನ್ನು ಒಂಟಿಯಾಗಿ ನಾನು ಮತ್ತೆ ಬಳಸುವುದಿಲ್ಲ.

ಎರಡನೆಯದು ಜೆನೆಟಿಕ್ ಅಲ್ಗಾರಿದಮ್. ಹಲವು ಜೋಡಣೆಗಳಲ್ಲಿ ಒಳ್ಳೆಯವನ್ನು ಉಳಿಸಿ, ಬೆರೆಸಿ, ಹೊಸವನ್ನು ಹುಟ್ಟಿಸುತ್ತಾ ಹೋಗುವ ಹುಡುಕಾಟ. 0, +45, -45, 90, ಈ ನಾಲ್ಕೇ ಕೋನ. ಅರ್ಧಕ್ಕೆ 8 ಪದರ ಅಂದರೆ ಒಟ್ಟು 65,536 ಜೋಡಣೆ. ಇಷ್ಟಕ್ಕೆ ಅಲ್ಗಾರಿದಮ್ ಬೇಕಾಗಿಯೇ ಇಲ್ಲ, ಒಂದೊಂದನ್ನೂ ಲೆಕ್ಕ ಹಾಕಿಬಿಡಬಹುದು. ಅದೇ 48 ಪದರವಾದರೆ ಸಂಖ್ಯೆ ಸುಮಾರು 281 ಲಕ್ಷ ಕೋಟಿ. ಆಗ ಇದು ಬೇಕೇ ಬೇಕು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು, ತಯಾರಿಕೆಯ ನಿಯಮಗಳನ್ನು ಸಲೀಸಾಗಿ ಒಳಗೆ ಸೇರಿಸಬಹುದು. ಒಂದೇ ಕೋನದ ಪದರ ಸಾಲಾಗಿ ನಾಲ್ಕಕ್ಕಿಂತ ಹೆಚ್ಚು ಬರಬಾರದು, ಪ್ರತಿ ದಿಕ್ಕಿಗೂ ಕನಿಷ್ಠ ಶೇ 10 ನಾರು ಇರಬೇಕು, ಇಂಥವು.

ಆದರೆ ಒಂದು ತೊಡಕು ಇದೆ. ಬಾಗುವ ಬಿಗಿತಕ್ಕೆ ನಡುವಿನಿಂದ ಪದರದ ದೂರ ಘನವಾಗಿ ಸೇರುತ್ತದೆ. ಹೀಗಾಗಿ 8 ಪದರಗಳ ಅರ್ಧದಲ್ಲಿ ಎಲ್ಲಕ್ಕಿಂತ ಹೊರಗಿನ ಪದರದ ಪಾಲು 512ರಲ್ಲಿ 169, ಎಲ್ಲಕ್ಕಿಂತ ಒಳಗಿನದು ಬರೀ 1. ಒಳಗಿನ ಪದರ ಏನೇ ಇದ್ದರೂ ಅಲ್ಗಾರಿದಮ್‌ಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಪ್ರತಿ ಸಲ ಓಡಿಸಿದಾಗಲೂ ಹೊರಗಿನ ಪದರಗಳು ಅವೇ ಬಂದವು, ಒಳಗಿನವು ಮಾತ್ರ ಬೇರೆ ಬೇರೆ.

ಮೂರನೆಯದು ಲ್ಯಾಮಿನೇಷನ್ ಪ್ಯಾರಾಮೀಟರ್. ಇದರ ಬೇರು 1968ರಲ್ಲಿ ತ್ಸಾಯ್ ಮತ್ತು ಪಗಾನೋ ಮಾಡಿದ ಕೆಲಸದಲ್ಲಿದೆ. ಪದರಗಳನ್ನು ಮರೆತು, ಆ ಎರಡು ಕೊಸೈನ್‌ಗಳ ಸರಾಸರಿಯನ್ನು ದಪ್ಪದ ಉದ್ದಕ್ಕೂ ತೆಗೆದುಕೊಳ್ಳುತ್ತೇವೆ. ಪದರ 16 ಇರಲಿ 160 ಇರಲಿ, ಆ ಎರಡು ಸರಾಸರಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು ಬರೆದ ನಕ್ಷೆಯ ಮೇಲೆ ಇಡೀ ಲ್ಯಾಮಿನೇಟ್ ಒಂದೇ ಚುಕ್ಕೆ. ಎಲ್ಲಾ ಚುಕ್ಕೆಗಳೂ ಒಂದು ಪ್ಯಾರಾಬೋಲದೊಳಗೆ ಬೀಳುತ್ತವೆ. ಒಂದು ಮೇಲ್ತುದಿಯಲ್ಲಿ 0, ಇನ್ನೊಂದರಲ್ಲಿ 90, ಕೆಳಗಿನ ತಿರುವಿನಲ್ಲಿ ±45. ಬಿಗಿತ ಈ ಸಂಖ್ಯೆಗಳ ಜೊತೆ ನೇರ ಗೆರೆಯಲ್ಲಿ ಬದಲಾಗುತ್ತದೆ. ಹಾಗಾಗಿ ಗ್ರೇಡಿಯಂಟ್ ಸಿಕ್ಕಿಬೀಳುವ ಗುಂಡಿಗಳಿಲ್ಲ.

ಈ ನಕ್ಷೆ ಬರೆದ ಮೇಲೆ ನನಗೆ ಫಲಕ ನಿಜವಾಗಿ ಅರ್ಥವಾಯಿತು. ಫಲಕ ಒಂದು ಉಬ್ಬಾಗಿ ಬಾಗಬಹುದು, ಎರಡು ಉಬ್ಬಾಗಿಯೂ ಬಾಗಬಹುದು. ಒಂದು ಉಬ್ಬನ್ನು ತಡೆಯಲು 45ಕ್ಕಿಂತ ದೊಡ್ಡ ಕೋನ ಒಳ್ಳೆಯದು, ಎರಡನ್ನು ತಡೆಯಲು ಸಣ್ಣದು. ಎರಡರ ಭಾರವೂ ಸಮವಾಗುವ ಕಡೆ ಶಿಖರ ಇದೆ, ಸುಮಾರು ±43ರಲ್ಲಿ. ಮೊದಲ ದಾರಿ ಶಿಖರದ ಹತ್ತಿರ ಬಂದೂ ಅತ್ತಿತ್ತ ಹೊಯ್ದಾಡಿದ್ದು ಇದಕ್ಕೇ. ಎಲ್ಲಾ ±45 ಇಟ್ಟರೂ ನಷ್ಟ ಶೇ 2ಕ್ಕಿಂತ ಕಡಿಮೆ ಅಂತಲೂ ನಕ್ಷೆಯೇ ಹೇಳಿತು. ಇಷ್ಟಕ್ಕಾಗಿ ಹೊಸ ಕೋನ ಬೇಡ.

ಬಾಗಿದ ನಾರಿನ ದಾರಿಯೂ ಇದೆ, ಬಿಗಿತ ಜಾಗದಿಂದ ಜಾಗಕ್ಕೆ ಬದಲಾಗುವಂಥದ್ದು. ಆದರೆ ಅಲ್ಲಿ ಯಂತ್ರ ಎಷ್ಟು ತಿರುಗಬಲ್ಲದು, ನಾರಿನ ಪಟ್ಟಿಗಳ ನಡುವೆ ಸಂದು ಎಲ್ಲಿ ಬೀಳುತ್ತದೆ ಎಂಬುದೇ ದೊಡ್ಡ ಕೆಲಸ. ಸುಮ್ನೆ ಈ ಮೂರರ ಜೊತೆ ತೂಗುವುದು ಸರಿಯಲ್ಲ ಅಂತ ಬಿಟ್ಟೆ.

ನಕ್ಷೆಗೂ ಕೊರತೆ ಇದೆ. ಅದು ಗುರಿ ತೋರಿಸುತ್ತದೆ, ಪದರಗಳ ಪಟ್ಟಿ ಕೊಡುವುದಿಲ್ಲ. ಬಾಗಿದಾಗ ತಿರುಚಿಕೊಳ್ಳುವ ಗುಣವನ್ನೂ, ಅಂದರೆ ಡಿ16 ಅನ್ನು, ನನ್ನ ನಕ್ಷೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. +45, -45 ಅಂತ ಒಂದಾದ ಮೇಲೊಂದು ಜೋಡಿಸಿ ಫೈನೈಟ್ ಎಲಿಮೆಂಟ್‌ನಲ್ಲಿ (ಫಲಕವನ್ನು ಸಣ್ಣ ತುಂಡುಗಳಾಗಿ ಒಡೆದು ಮಾಡುವ ಕಂಪ್ಯೂಟರ್ ಲೆಕ್ಕ) ನೋಡಿದರೆ ಭಾರ ಕಡಿಮೆ ಬಂತು. ಪ್ಲಸ್ ಮೈನಸ್ ಸಂಖ್ಯೆಯಲ್ಲಿ ಸಮ ಇದ್ದರೂ ಹೊರಗಿನ ಪ್ಲಸ್‌ಗೆ ತೂಕ ಜಾಸ್ತಿ.

ಈಗ ನಾನು ಎರಡನ್ನೂ ಸೇರಿಸಿ ಬಳಸುತ್ತೇನೆ. ಮೊದಲು ನಕ್ಷೆಯಿಂದ ಗುರಿ, ಆಮೇಲೆ ಎರಡನೆಯ ದಾರಿಯಂತೆ ಪದರಗಳ ಕ್ರಮ ಮಾತ್ರ ಹುಡುಕುವುದು. ಈ ಫಲಕದ ಅರ್ಧದಲ್ಲಿ 8 ಪದರ, ಪ್ರತಿಯೊಂದೂ +45 ಅಥವಾ -45, ಹಾಗಾಗಿ 256 ಕ್ರಮ ನೋಡಿದರೆ ಸಾಕಿತ್ತು. ಸಿಕ್ಕ ಒಂದು ಕ್ರಮ, ಹೊರಗಿನಿಂದ ಒಳಕ್ಕೆ: ಪ್ಲಸ್, ಮೈನಸ್, ಮೈನಸ್, ಪ್ಲಸ್, ಮೈನಸ್, ಪ್ಲಸ್, ಪ್ಲಸ್, ಮೈನಸ್. ಪ್ಲಸ್‌ಗಳ ಪಾಲು 169, 61, 19, 7. ಮೈನಸ್‌ಗಳದ್ದು 127, 91, 37, 1. ಕೂಡಿ ನೋಡಿ, ಎರಡೂ ಕಡೆ 256. ಡಿ16 ಪೂರ್ತಿ ಸೊನ್ನೆ.