ಬಡಿತ ವಿಂಗಡಿಸಲು ಮೂರು ದಾರಿ: ನಿಯಮ, ರ‍್ಯಾಂಡಮ್ ಫಾರೆಸ್ಟ್, ನರಜಾಲ

ಎದೆಗೆ ಮೂರು ಎಲೆಕ್ಟ್ರೋಡ್ ಅಂಟಿಸಿಕೊಂಡು ದಿನವಿಡೀ ಇಸಿಜಿ ದಾಖಲಿಸುವ, ಪ್ರತಿ ಬಡಿತವೂ ಸಹಜವೋ ಅಸಹಜವೋ ಎಂದು ತಾನೇ ಗುರುತು ಹಾಕುವ ಪುಟ್ಟ ಸಾಧನವೊಂದನ್ನು ಕಟ್ಟುವ ಕೆಲಸದಲ್ಲಿ, ಮೂರು ವಿಧಾನಗಳನ್ನು ಮೊದಲು ಒಂದೇ ದತ್ತಾಂಶದ ಮೇಲೆ, ಬಳಿಕ ನನ್ನದೇ ಎದೆಯ ಮೇಲೆ ಪ್ರಯೋಗಿಸಿ ನೋಡಿದೆ. ಮೊದಲನೆಯದು ಜಿಯಾಪು ಪಾನ್ ಮತ್ತು ವಿಲ್ಲಿಸ್ ಟಾಂಪ್ಕಿನ್ಸ್ 1985ರಲ್ಲಿ ಪ್ರಕಟಿಸಿದ, ಇಸಿಜಿಯಲ್ಲಿ ಬಡಿತಗಳನ್ನು ಹುಡುಕುವ ಕ್ರಮ. ಅದರಲ್ಲಿ ಕಲಿಕೆ ಎಂಬುದೇ ಇಲ್ಲ, ಎಲ್ಲವೂ ನಿಯಮ. ಎರಡನೆಯದು ರ‍್ಯಾಂಡಮ್ ಫಾರೆಸ್ಟ್. ಅದು ಹಲವು ನಿರ್ಧಾರ ಮರಗಳ ಮತ ಎಣಿಸಿ ಉತ್ತರ ಕೊಡುತ್ತದೆ. ಬಡಿತಗಳ ನಡುವಿನ ಅಂತರ, ಇಸಿಜಿಯಲ್ಲಿ ಎದ್ದು ಕಾಣುವ ಚೂಪು ಶಿಖರವಾದ ಕ್ಯೂಆರ್‌ಎಸ್ ಅಲೆಯ ಅಗಲ ಮುಂತಾದವನ್ನು ನಾವೇ ಅಳೆದು ಅದಕ್ಕೆ ಉಣಿಸಬೇಕು. ಮೂರನೆಯದು ಅಲೆಯನ್ನು ಹಾಗೆಯೇ ತೆಗೆದುಕೊಂಡು ಗುಣಗಳನ್ನು ತಾನೇ ಹುಡುಕಿಕೊಳ್ಳುವ ಚಿಕ್ಕ ಕನ್ವಲ್ಯೂಷನಲ್ ನರಜಾಲ.

ದತ್ತಾಂಶಕ್ಕೆ ಎಲ್ಲರೂ ಬಳಸುವ ಎಂಐಟಿ-ಬಿಐಎಚ್ ಸಂಗ್ರಹವನ್ನೇ ಆರಿಸಿಕೊಂಡೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರವರೆಗೆ 47 ಜನರಿಂದ ಪಡೆದ, ತಲಾ ಅರ್ಧ ಗಂಟೆಯ 48 ದಾಖಲೆಗಳು ಅದರಲ್ಲಿವೆ. ಸೆಕೆಂಡಿಗೆ 360 ಮಾದರಿಗಳಂತೆ (ಸ್ಯಾಂಪಲ್) ಅಳೆದು, ಪ್ರತಿ ಬಡಿತಕ್ಕೂ ತಜ್ಞರು ಗುರುತು ಹಾಕಿದ್ದಾರೆ. ಮೂರು ವಿಧಾನಗಳ ನಡುವಿನ ಅಂತರಕ್ಕಿಂತ ದೊಡ್ಡದಾದ ಅಂತರವೊಂದು ಈ ದತ್ತಾಂಶವನ್ನು ಪಾಲು ಮಾಡುವ ರೀತಿಯಲ್ಲಿ ಅಡಗಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಮೊದಲ ಸಲ ಎಲ್ಲ ಬಡಿತಗಳನ್ನೂ ಇಸ್ಪೀಟು ಕಲಸಿದಂತೆ ಕಲಸಿ, ಒಂದು ಪಾಲನ್ನು ತರಬೇತಿಗೂ ಇನ್ನೊಂದನ್ನು ಪರೀಕ್ಷೆಗೂ ಇಟ್ಟೆ. ನರಜಾಲ ನೂರಕ್ಕೆ ತೊಂಬತ್ತೊಂಬತ್ತರ ಸಮೀಪಕ್ಕೆ ಬಂತು, ಫಾರೆಸ್ಟ್ ಅದರ ಬೆನ್ನಿಗೇ ನಿಂತಿತು, ನಾನು ಎರಡು ದಿನ ಹಿಗ್ಗಿನಲ್ಲಿದ್ದೆ. ಆದರೆ ಒಬ್ಬನೇ ರೋಗಿಯ ಒಂದು ಬಡಿತವನ್ನು ಪಾಠಕ್ಕೆ ಕೊಟ್ಟು ಅದರ ಪಕ್ಕದ ಬಡಿತವನ್ನು ಪರೀಕ್ಷೆಗೆ ಇಟ್ಟರೆ ಅದು ಪ್ರಶ್ನೆಪತ್ರಿಕೆಯನ್ನು ಮೊದಲೇ ತೋರಿಸಿದಂತೆಯೇ. ಯಂತ್ರ ರೋಗವನ್ನು ಕಲಿಯಿತೋ ರೋಗಿಯನ್ನು ಕಲಿಯಿತೋ ಹೇಳಲಾಗದು.

ಇದಕ್ಕೆ ಡಿ ಶಝಾಲ್ ಮತ್ತು ಸಂಗಡಿಗರು 2004ರಲ್ಲಿ ಬಳಸಿದ ವಿಭಜನೆ ಈಗ ರೂಢಿಯಲ್ಲಿದೆ. ಪೇಸ್‌ಮೇಕರ್ ಇರುವ ನಾಲ್ಕು ದಾಖಲೆಗಳನ್ನು ಬಿಟ್ಟು, ಉಳಿದವುಗಳಲ್ಲಿ 22 ತರಬೇತಿಗೆ, 22 ಪರೀಕ್ಷೆಗೆ. ಇದೂ ಸಂಪೂರ್ಣ ಶುದ್ಧವಲ್ಲ: 201 ಮತ್ತು 202ನೇ ದಾಖಲೆಗಳು ಒಬ್ಬನದೇ, ಒಂದು ಆ ಕಡೆಗೆ, ಇನ್ನೊಂದು ಈ ಕಡೆಗೆ ಬಿದ್ದಿದೆ. ಆದರೂ ಕಲಸಿ ಹಂಚುವುದಕ್ಕಿಂತ ಎಷ್ಟೋ ಪ್ರಾಮಾಣಿಕವಾದ ಕ್ರಮ. ಹೀಗೆ ಮತ್ತೆ ಓಡಿಸಿದಾಗ ನರಜಾಲ, ಫಾರೆಸ್ಟ್ ಎರಡರ ಅಂಕವೂ ಇಳಿಯಿತು, ಅಸಹಜ ಬಡಿತಗಳಲ್ಲಂತೂ ಕುಸಿಯಿತು. ಒಟ್ಟು ನಿಖರತೆಯ ಅಂಕಿಯನ್ನು ನೋಡಿ ಸಮಾಧಾನಪಡುವಂತೆಯೂ ಇರಲಿಲ್ಲ, ಏಕೆಂದರೆ ಪರೀಕ್ಷೆಯ ಪಾಲಿನ ಸುಮಾರು 49,700 ಬಡಿತಗಳಲ್ಲಿ 44,000ಕ್ಕೂ ಹೆಚ್ಚು ಸಹಜ ಗುಂಪಿನವು. ಕಣ್ಣು ಮುಚ್ಚಿ ಎಲ್ಲವನ್ನೂ ಸಹಜವೆನ್ನುವ ಪ್ರೋಗ್ರಾಮಿಗೂ ಶೇ. 89 ಸಿಕ್ಕೇ ಸಿಗುತ್ತದೆ.

ಪಾನ್–ಟಾಂಪ್ಕಿನ್ಸ್ ಕ್ರಮದ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ತನ್ನ ಕೆಲಸವನ್ನು ಗದ್ದಲವಿಲ್ಲದೆ ಮಾಡುತ್ತದೆ. ಸುಮಾರು 5ರಿಂದ 15 ಹರ್ಟ್ಸ್‌ವರೆಗಿನ ಭಾಗವನ್ನು ಸೋಸಿ, ಏರಿಳಿತದ ವೇಗವನ್ನು ಕಂಡು, ಅದನ್ನು ವರ್ಗಮಾಡಿ, 150 ಮಿಲಿಸೆಕೆಂಡಿನ ಕಿಟಕಿಯಲ್ಲಿ ಸರಾಸರಿ ತೆಗೆದು, ತಾನೇ ಹೊಂದಿಕೊಳ್ಳುವ ಮಿತಿಯನ್ನು ದಾಟಿದಲ್ಲಿ ಬಡಿತವಿದೆ ಎನ್ನುತ್ತದೆ. ನಾನು ಮಾಡಿದ ತಪ್ಪು ಮಾತ್ರ ಹೇಳಲೇಬೇಕು: ಮೂಲ ಫಿಲ್ಟರುಗಳನ್ನು ಸೆಕೆಂಡಿಗೆ 200 ಮಾದರಿಗಳಿಗೆಂದು ರಚಿಸಲಾಗಿತ್ತು, ಅವನ್ನು 360ರ ದತ್ತಾಂಶಕ್ಕೆ ಹಾಗೆಯೇ ಅಂಟಿಸಿದ್ದರಿಂದ 5 ಹರ್ಟ್ಸ್ ಇರಬೇಕಾದ ಅಂಚು 9ಕ್ಕೆ ಸರಿದು, ಅಗಲವಾದ ಬಡಿತಗಳು ಜಾರಿಹೋಗುತ್ತಿದ್ದವು. ಸರಿಪಡಿಸಿದ ಮೇಲೆ ಬಡಿತ ಎಲ್ಲಿದೆ ಎಂಬುದರಲ್ಲಿ ಅದನ್ನು ಮೀರಿಸುವ ಅಗತ್ಯ ನನಗೆ ಕಾಣಲಿಲ್ಲ. ಬಡಿತ ಯಾವ ಬಗೆಯದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಅಂತರಕ್ಕೊಂದು ಮಿತಿ ಹಾಕಿ ಹೇಳಿಸಲು ಹೊರಟಾಗ, ಉಸಿರಾಟದೊಂದಿಗೆ ಸಹಜವಾಗಿ ಬದಲಾಗುವ ಲಯವನ್ನೂ ದೋಷವೆಂದು ಎಣಿಸಿತು.

ನಿಜವಾದ ಪೈಪೋಟಿ ಇದ್ದದ್ದು ಉಳಿದೆರಡರ ನಡುವೆ. ಹೃತ್ಕುಕ್ಷಿಯಿಂದ ಹುಟ್ಟುವ ಅಕಾಲ ಬಡಿತದ ಅಲೆ ಅಗಲವಾಗಿ, ವಿಕಾರವಾಗಿ ಇರುತ್ತದೆ. ಆಕಾರವೇ ಅದರ ಗುರುತಾದ್ದರಿಂದ ಅಲ್ಲಿ ನರಜಾಲ ಸ್ಪಷ್ಟವಾಗಿ ಮೇಲುಗೈ ಪಡೆಯಿತು. ಹೃತ್ಕರ್ಣದ ಅಕಾಲ ಬಡಿತದಲ್ಲಿ ಮಾತು ತಲೆಕೆಳಗಾಯಿತು. ಅದರ ಕ್ಯೂಆರ್‌ಎಸ್ ಬಹುಪಾಲು ಸಹಜ ಬಡಿತದಂತೆಯೇ ಇದ್ದು, ವ್ಯತ್ಯಾಸವೆಂದರೆ ಅದು ಬೇಗ ಬರುತ್ತದೆ. ನಾನು ನರಜಾಲಕ್ಕೆ ಕೊಟ್ಟಿದ್ದು ಬಡಿತವನ್ನು ನಡುವೆ ಇರಿಸಿ ಕತ್ತರಿಸಿದ 256 ಮಾದರಿಗಳ ತುಣುಕು, ಅಂದರೆ ಎರಡೂ ಕಡೆ ಸುಮಾರು 0.36 ಸೆಕೆಂಡು, ಹಿಂದಿನ ಬಡಿತ ಆ ಕಿಟಕಿಯ ಹೊರಗೇ ಉಳಿದಿದ್ದರಿಂದ ಬೇಗ ಬಂದಿತೋ ತಡವಾಗಿ ಬಂದಿತೋ ತಿಳಿಯುವ ದಾರಿಯೇ ಅದಕ್ಕಿರಲಿಲ್ಲ. ಹಿಂದಿನ ಮತ್ತು ಮುಂದಿನ ಅಂತರಗಳನ್ನು ಸಂಖ್ಯೆಗಳಾಗಿ ಪಡೆದ ಫಾರೆಸ್ಟ್ ಇವನ್ನು ಹೆಚ್ಚು ಹಿಡಿಯಿತು. ಅವೇ ಸಂಖ್ಯೆಗಳನ್ನು ನರಜಾಲದ ಕೊನೆಯ ಪದರಕ್ಕೂ ಸೇರಿಸಿದಾಗ ಅಂತರ ಬಹುತೇಕ ಮುಚ್ಚಿಹೋಯಿತು. ಕಚ್ಚಾ ಅಲೆ ಕೊಟ್ಟರೆ ಸಾಕು, ಮಿಕ್ಕದ್ದನ್ನು ಯಂತ್ರವೇ ಕಂಡುಕೊಳ್ಳುತ್ತದೆ ಎಂಬ ಮಾತನ್ನು ಅಂದಿನಿಂದ ನಾನು ಅನುಮಾನದಿಂದಲೇ ಕೇಳುತ್ತೇನೆ.

ಆ ಸುಧಾರಣೆಯನ್ನೂ 232ನೇ ದಾಖಲೆ ಪೂರ್ತಿ ನಂಬಲು ಬಿಡಲಿಲ್ಲ. ಪರೀಕ್ಷೆಯ ಪಾಲಿನಲ್ಲಿ ಹೃತ್ಕರ್ಣದ ಅಕಾಲ ಬಡಿತಗಳ ಗುಂಪಿನವು ಸುಮಾರು 1,840; ಅವುಗಳಲ್ಲಿ 1,382 ಈ ಒಬ್ಬ ರೋಗಿಯವು. ಅವನ ದಾಖಲೆಯಲ್ಲಿ ಅಕಾಲ ಬಡಿತಗಳದ್ದೇ ಬಹುಮತವಾದ್ದರಿಂದ ಬೇಗ ಬಂತೇ ಎಂದು ನೋಡಲು ನಾನು ಹೋಲಿಸುವ, ಸುತ್ತಲಿನ ಬಡಿತಗಳ ಸರಾಸರಿ ಅಂತರವೇ ಅವುಗಳಿಂದ ಆಗಿರುತ್ತದೆ, ಅದಕ್ಕೆ ಹೋಲಿಸಿದರೆ ಯಾವುದೂ ಬೇಗ ಬಂದಂತೆ ಕಾಣುವುದಿಲ್ಲ. ಸರಾಸರಿ ತೆಗೆಯುವ ಅವಧಿಯನ್ನು ನಾನು ಬದಲಿಸಿದಾಗಲೆಲ್ಲ ಈ ಗುಂಪಿನ ಅಂಕ ಏಣಿ ಹತ್ತಿ ಇಳಿಯಿತು. ಹಾಗಾಗಿ ಈ ಗುಂಪಿನಲ್ಲಿ ಯಾವ ವಿಧಾನದ ಅಂಕವನ್ನೇ ನೋಡಿದರೂ, 232ನ್ನು ಬಿಟ್ಟು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನನ್ನದೇ ಎದೆಯ ಪರೀಕ್ಷೆಗೆ ಎದೆಯ ಸಂಕೇತವನ್ನು ಹಿಗ್ಗಿಸುವ ಎಡಿ8232 ಚಿಪ್ಪಿನ ಮಾಡ್ಯೂಲನ್ನು ಪುಟ್ಟ ಕಂಪ್ಯೂಟರ್ ಬೋರ್ಡಾದ ಇಎಸ್‌ಪಿ32ಕ್ಕೆ ಜೋಡಿಸಿದೆ. ಬಾಸ್ಟನ್ನಿನ ದಾಖಲೆಗಳಲ್ಲಿ ವಿದ್ಯುತ್ ತಂತಿಯ ಗುಂಯ್‌ಗುಟ್ಟುವಿಕೆ 60 ಹರ್ಟ್ಸ್‌ನದು, ನಮ್ಮ ಮನೆಗಳಲ್ಲಿ 50. ಅದನ್ನು ಸೋಸುವ ಫಿಲ್ಟರನ್ನು ಬದಲಿಸದಿದ್ದರೆ ನರಜಾಲ ಕಂಡರಿಯದ ಅಲೆಯನ್ನು ನೋಡಿದಂತೆ ತಡವರಿಸುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ನರಜಾಲ ಎಲೆಕ್ಟ್ರೋಡಿನ ಅಲುಗಾಟವನ್ನು ಹೃತ್ಕುಕ್ಷಿಯ ಬಡಿತವೆಂದು ಸಾಲುಸಾಲಾಗಿ ಗುರುತಿಸಿತು. ಫಾರೆಸ್ಟ್ ಕೂಡ ತಪ್ಪಿತು, ಆದರೆ ಯಾವ ಸಂಖ್ಯೆಯಿಂದ ತಪ್ಪಿತೆಂದು ಹುಡುಕಲು ಸಾಧ್ಯವಿತ್ತು. ಎಂಐಟಿ-ಬಿಐಎಚ್‌ನವರೇ ಬೇರೆಯಾಗಿ ಕೊಟ್ಟಿರುವ ಗದ್ದಲದ ದಾಖಲೆಗಳಲ್ಲಿನ ಎಲೆಕ್ಟ್ರೋಡ್ ಅಲುಗಾಟವನ್ನು ತರಬೇತಿಯ ಅಲೆಗಳಿಗೆ ಬೆರೆಸಿದ ಮೇಲೆ ನರಜಾಲ ಸಾಕಷ್ಟು ತಾಳಿಕೊಂಡಿತು.

ಗಾತ್ರದ ವಿಷಯದಲ್ಲಿ ನನ್ನ ಊಹೆ ಉಲ್ಟಾ ಆಯಿತು. ಆಳಕ್ಕೆ ಮಿತಿಯಿಲ್ಲದ 200 ಮರಗಳ ಫಾರೆಸ್ಟ್ ಹಲವು ಮೆಗಾಬೈಟು ನುಂಗಿತು. ಇಪ್ಪತ್ತು ಸಾವಿರ ತೂಕಗಳ, ಅಂದರೆ ತರಬೇತಿಯಲ್ಲಿ ಕಲಿತ ಸಂಖ್ಯೆಗಳ, ನರಜಾಲವನ್ನು 8 ಬಿಟ್‌ಗೆ ಇಳಿಸಿದಾಗ ತೂಕಗಳಿಗೆ ಬೇಕಾದದ್ದು 20 ಕಿಲೋಬೈಟು, ಇಎಸ್‌ಪಿ32ರ 520 ಕಿಲೋಬೈಟು ಸ್ಮೃತಿಯಲ್ಲಿ ಒಂದು ಮೂಲೆ. ಮರಗಳನ್ನು ಮೂವತ್ತಕ್ಕೆ, ಆಳವನ್ನು ಎಂಟಕ್ಕೆ ಇಳಿಸಿದ ಮೇಲೆ ಫಾರೆಸ್ಟೂ ಒಳಗೆ ಕೂತಿತು, ನಿಖರತೆ ತುಸುವೇ ತಗ್ಗಿತು. ಈಗ ನನ್ನ ಬೋರ್ಡಿನಲ್ಲಿ ಪಾನ್–ಟಾಂಪ್ಕಿನ್ಸ್ ಬಡಿತವನ್ನು ಹುಡುಕಿ ಅಂತರಗಳನ್ನು ಕೊಡುತ್ತದೆ, ಅಂತರಗಳನ್ನೂ ಉಣ್ಣುವ ನರಜಾಲ ಬಗೆಯನ್ನು ಹೇಳುತ್ತದೆ. ಮೊಟಕುಗೊಳಿಸಿದ ಫಾರೆಸ್ಟನ್ನು ಪಕ್ಕದಲ್ಲೇ ಓಡಿಸುತ್ತಿದ್ದೇನೆ, ಎರಡೂ ಬೇರೆಬೇರೆ ಉತ್ತರ ಕೊಟ್ಟ ಬಡಿತಗಳನ್ನಷ್ಟೇ ಸಂಜೆ ಕುಳಿತು ಕಣ್ಣಾರೆ ನೋಡುತ್ತೇನೆ.