ಗೇರುಬೀಜ ಕತ್ತರಿಸುವ ಕೈಯಂತ್ರ: ಕೆಲವು ಬೇಸಿಗೆ ಬಳಸಿದ ಮೇಲೆ

ಗುಡ್ಡೆಯಲ್ಲಿ ಹತ್ತಾರು ಗೇರುಮರ ಇದ್ದವರಿಗಷ್ಟೇ ಈ ಯಂತ್ರ. ಅಂಗಳದ ಬದಿಯಲ್ಲಿ ಒಂದೆರಡು ಮರ ಇದ್ದವರು ಬೀಜವನ್ನು ಅಂಗಡಿಗೆ ತೂಗಿ ಕೊಟ್ಟುಬಿಡುವುದೇ ಲೇಸು. ನಮ್ಮಲ್ಲಿರುವುದು ಮೇಜಿಗೆ ಬೋಲ್ಟ್ ಹಾಕಿ ಕೂರಿಸುವಂಥದ್ದು: ಒಂದು ಹ್ಯಾಂಡಲ್, ಎರಡು ಬ್ಲೇಡು, ಒಂದು ಸ್ಪ್ರಿಂಗ್, ಅಷ್ಟೇ. ಕರೆಂಟು ಬೇಡ. ಗೇರುಬೀಜದ ಫ್ಯಾಕ್ಟರಿಗಳಲ್ಲಿ ಕಾಲಿನಲ್ಲಿ ತುಳಿದು ನಡೆಸುವ ಕಟಿಂಗ್ ಮೆಷಿನ್ ಇರುತ್ತದಲ್ಲ, ಅದರದೇ ಮರಿ.

ಬ್ಲೇಡುಗಳನ್ನು ಬೀಜದ ಡೊಂಕಿಗೆ ಹೊಂದುವಂತೆ ಬಾಗಿಸಿರುತ್ತಾರೆ. ನಡುವೆ ಬೀಜ ಇಟ್ಟು ಹ್ಯಾಂಡಲ್ ಒತ್ತಿದರೆ ಅಂಚು ಸಿಪ್ಪೆಗೆ ಇಳಿಯುತ್ತದೆ. ಹಾಗೇ ಸ್ವಲ್ಪ ತಿರುಚಿದರೆ ಸಿಪ್ಪೆ ಎರಡು ಹೋಳು. ತಿರುಳು ಒಂದು ಹೋಳಿಗೆ ಅಂಟಿಕೊಂಡಿದ್ದರೆ ಚೂಪು ಕಡ್ಡಿಯಿಂದ ಎಬ್ಬಿಸಬೇಕು. ಇಡೀ ಕರಾಮತ್ತು ಇರುವುದು ಬ್ಲೇಡುಗಳ ನಡುವಿನ ಸಂದಿನಲ್ಲಿ. ಅವು ಪೂರ್ತಿ ಕೂಡಬಾರದು. ಸಿಪ್ಪೆ ತುಂಡಾಗಿ, ಒಳಗಿನ ತಿರುಳಿಗೆ ಅಂಚು ತಾಗುವ ಮೊದಲೇ ನಿಲ್ಲಬೇಕು. ಸಂದು ಹೊಂದಿಸಲಿಕ್ಕೆ ಪಕ್ಕದಲ್ಲಿ ಒಂದು ಸ್ಕ್ರೂ ಕೊಟ್ಟಿದ್ದಾರೆ.

ಹಾಗಾಗಿ ಬೀಜವನ್ನು ಮೊದಲು ಗಾತ್ರ ನೋಡಿ ಬೇರೆ ಮಾಡಲೇಬೇಕು. ಹಳೆಯ ಊರ ಮರದ ಬೀಜ ಸಣ್ಣದು. ಉಳ್ಳಾಲ-3, ವೆಂಗುರ್ಲಾ-4ರಂಥ ಕಸಿ ಗಿಡದ ಬೀಜ 7 ಗ್ರಾಂ ಆಸುಪಾಸು ತೂಗುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಸುರಿದು ಕತ್ತರಿಸಲು ಕೂತರೆ ಸಣ್ಣದು ಬಾಯಿ ಬಿಡುವುದಿಲ್ಲ, ದೊಡ್ಡದರ ತಿರುಳು ಚೂರಾಗುತ್ತದೆ. ಯಂತ್ರವನ್ನು ಬೈಯುವವರಲ್ಲಿ ಮುಕ್ಕಾಲು ಜನ ಇದನ್ನು ಮಾಡದೆ ಬೈಯುತ್ತಾರೆ ಎಂದೇ ನನ್ನ ಗುಮಾನಿ.

ಇನ್ನೊಂದು, ಆವಿ. ಬಿಸಿಲಿಗೆ ಒಣಗಿಸಿಟ್ಟ ಬೀಜವನ್ನು ಇಪ್ಪತ್ತು ನಿಮಿಷ ಆವಿಯಲ್ಲಿ ಬೇಯಿಸಿ, ರಾತ್ರಿಯಿಡೀ ನೆರಳಲ್ಲಿ ಹರಡಿದರೆ ಮರುದಿನ ಕೈಗೆ ಹಿಡಿತ ಸಿಗುತ್ತದೆ. ಬೇಯಿಸದ ಬೀಜದ ಸಿಪ್ಪೆ ಚಪ್ಪಲಿಯ ಅಟ್ಟೆಯ ಹಾಗೆ ಜಗ್ಗುತ್ತದೆ, ತಿರುಳನ್ನೂ ಬಿಡುವುದಿಲ್ಲ. ಇದಕ್ಕೆ ಅಡುಗೆಮನೆಯ ಇಡ್ಲಿ ಪಾತ್ರೆ ತರಬೇಡಿ. ಒಂದು ಹಳೇ ಪಾತ್ರೆಯನ್ನು ಇದಕ್ಕೆಂದೇ ಹೊರಗಿನ ಒಲೆಯ ಹತ್ತಿರ ಇಟ್ಟುಬಿಡಿ, ಯಾಕೆಂದರೆ ಸೊನೆ.

ಗೇರಿನ ಸಿಪ್ಪೆಯ ನಡುಪದರ ಜೇನುಗೂಡಿನ ಕಣ್ಣುಗಳಂತಿದ್ದು ಒಳಗೆಲ್ಲ ಎಣ್ಣೆ ತುಂಬಿರುತ್ತದೆ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತವೆ. ಮಾವಿನ ಸೊನೆ ತಾಗಿದರೆ ತುಟಿ ಊದಿಕೊಳ್ಳುವವರು ಇದರ ಹತ್ತಿರ ಬರದಿರುವುದೇ ಒಳ್ಳೆಯದು, ಎರಡೂ ಒಂದೇ ಕುಟುಂಬದ ಮರಗಳು. ಯಂತ್ರದ ಜೊತೆ ಬರುವ ತೆಳು ಗ್ಲೌಸು ಏನೇನೂ ಸಾಲದು. ದಪ್ಪ ರಬ್ಬರ್ ಗ್ಲೌಸು ಹಾಕಿದರೆ ಬೀಜ ಹಿಡಿಯಲಿಕ್ಕಾಗುವುದಿಲ್ಲ. ನಮ್ಮ ಅತ್ತೆ ಕೈಗೆ ತೆಂಗಿನೆಣ್ಣೆ ಹಚ್ಚಿ ಮೇಲೆ ಒಲೆಬೂದಿ ಸವರಿಕೊಂಡು ಕೂರುತ್ತಾರೆ. ನನಗೆ ಮಾತ್ರ ಗ್ಲೌಸಿನ ಒಳಗೂ ಎಣ್ಣೆ ಬೇಕು.

ವೇಗದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ತಗಡಿನ ಮೇಲೆ ಬೀಜ ಸುಟ್ಟು, ಬೂದಿಯಲ್ಲಿ ಹೊರಳಿಸಿ, ಕೊಡತಿಯಲ್ಲಿ ಗುದ್ದುವುದು ಇದಕ್ಕಿಂತ ಬೇಗ ಮುಗಿಯುತ್ತದೆ. ಯಂತ್ರದಿಂದ ಸಿಗುವ ಲಾಭ ಇಡಿ ಬೀಜ. ಒಂದು ಕೆಜಿ ಬೀಜಕ್ಕೆ ತಿರುಳು ಬರುವುದೇ ಕಾಲು ಕೆಜಿ, ಹೆಚ್ಚೆಂದರೆ ಮುನ್ನೂರು ಗ್ರಾಂ. ಅದೂ ಚೂರಾಗಿ ಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹೊಗೆಯೂ ಇಲ್ಲ, ಧಗ್ಗೆಂದು ಏಳುವ ಬೆಂಕಿಯೂ ಇಲ್ಲ. ಮಕ್ಕಳಿರುವ ಮನೆಗೆ ಇದು ದೊಡ್ಡ ಮಾತು. ಆದರೆ ಕತ್ತರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ತಿರುಳಿನ ಮೇಲಿನ ಕೆಂಪು ಪೊರೆ ಒಗರು, ಅದು ಬಿಡಬೇಕಾದರೆ ಮತ್ತೆ ಬಿಸಿಲಲ್ಲಿ ಚೆನ್ನಾಗಿ ಒಣಗಬೇಕು.

ರುಚಿಯಲ್ಲಿ ಯಂತ್ರಕ್ಕೆ ಸೋಲು. "ಮೆಷಿನಿನ ಬೀಜ ಪಾಯಸಕ್ಕೆ ಚಂದ ಮಾರಾಯ್ತಿ, ತಿನ್ನಲಿಕ್ಕೆ ಸುಟ್ಟದ್ದೇ ಆಗ್ಬೇಕು" ಎನ್ನುತ್ತಾರೆ ಅತ್ತೆ. ಒಪ್ಪಿದೆ. ತೊಂಡೆಕಾಯಿಯ ಜೊತೆ ಉಪ್ಕರಿಗೆ ಹಾಕುವ ಎಳೆ ಬೀಜಕ್ಕೂ ಇದು ಆಗದು, ಅದಕ್ಕೆ ಚೂರಿಯೇ ಸರಿ.

ಬಾಳಿಕೆ: ಕಬ್ಬಿಣದ ಚೌಕಟ್ಟು ಗಟ್ಟಿ, ಬ್ಲೇಡು ಈಗಲೂ ಚೆನ್ನಾಗಿದೆ. ಸ್ಪ್ರಿಂಗ್ ಮಾತ್ರ ಎರಡನೇ ಬೇಸಿಗೆಗೇ ಸಡಿಲಾಯಿತು. ಮಾರಿದವರಿಗೆ ಫೋನ್ ಮಾಡಿದರೆ "ಕಳಿಸ್ತೇವೆ" ಎಂದರು, ಬರಲಿಲ್ಲ. ಕೊನೆಗೆ ಪೇಟೆಯ ಗ್ಯಾರೇಜಿನವರು ಬೈಕಿನದೊಂದು ಸ್ಪ್ರಿಂಗ್ ಕತ್ತರಿಸಿ ಕೂರಿಸಿಕೊಟ್ಟರು, ಅದೇ ಇವತ್ತಿಗೂ ನಡೆಯುತ್ತಿದೆ. ಮಳೆಗಾಲಕ್ಕೆ ಎತ್ತಿಡುವ ಮೊದಲು ಸೀಮೆಎಣ್ಣೆಯಲ್ಲಿ ಒರೆಸದಿದ್ದರೆ ಸೊನೆ ಗಟ್ಟಿಯಾಗಿ ಹ್ಯಾಂಡಲ್ ಹಿಡಿದುಕೊಳ್ಳುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ಆನ್‌ಲೈನಿನ ಫೋಟೋ ನಂಬದೆ ಅಂಗಡಿಗೆ ನಿಮ್ಮದೇ ಮರದ ಬೇಯಿಸಿದ ಬೀಜ ಒಂದು ಹಿಡಿ ಒಯ್ದು, ಅಲ್ಲೇ ಒತ್ತಿ ನೋಡಿ. ಬ್ಲೇಡು ಬಿಚ್ಚಿ ಬದಲಿಸಲಿಕ್ಕೆ ಬರುತ್ತದೆಯೋ, ಬಿಡಿ ಬ್ಲೇಡು ಅವರ ಹತ್ತಿರ ಇದೆಯೋ ಎಂದು ದುಡ್ಡು ಕೊಡುವ ಮೊದಲೇ ಕೇಳಿ.