ಗಾಜಿನ ಕಪಾಟು ಬಿಡಿ, ಒಳಗಿನ ರಾಶಿ ನೋಡಿ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿರುವ ಈ ಹಳೇ ಪುಸ್ತಕದಂಗಡಿಗೆ ಬೋರ್ಡಿಲ್ಲ. ಮುಂದೆ ಪಿಯುಸಿ ಗೈಡು, ನೌಕರಿ ಪರೀಕ್ಷೆಯ ಪುಸ್ತಕ. ಅಸಲು ಮಾಲು ಒಳಗಿದೆ.

ಬೀಗ ಹಾಕಿದ ಗಾಜಿನ ಕಪಾಟಿಗೆ ಮಾತ್ರ ಮರುಳಾಗಬೇಡಿ. ಅಲ್ಲೊಂದು ಕಿಟೆಲ್ ನಿಘಂಟು ಇದೆ. ಮೊದಲ ಪುಟದಲ್ಲಿ ಮಂಗಳೂರು, ಬಾಸೆಲ್ ಮಿಷನ್, 1894 ಎಂದೇ ಇದೆ. ಅಂಗಡಿಯ ಯಜಮಾನ ಚಾಚಾ 15,000 ಅಂದರು. ಹಾಳೆ ಮಗುಚಿ ಹಿಂಬದಿಗೆ ಬೆರಳಾಡಿಸಿದೆ, ಪೂರ್ತಿ ನುಣುಪು. ಅಕ್ಷರದ ಅಚ್ಚುಮೊಳೆ ಜೋಡಿಸಿ ಒತ್ತಿದ್ದಾಗಿದ್ದರೆ ಅಕ್ಷರದ ಉಬ್ಬು ಅಲ್ಲಲ್ಲಾದರೂ ತಾಕಬೇಕಿತ್ತು. ಹಳೇ ಪ್ರತಿಯ ಫೋಟೊ ತೆಗೆದು ಆಫ್‌ಸೆಟ್‌ನಲ್ಲಿ ಹಾಕಿದ್ದು. ಹಳೇ ಇಸವಿಯೂ ಜೊತೆಗೇ ಬಂದಿದೆ.

"ಚಾಚಾ, ಇದು ರೀಪ್ರಿಂಟ್ ಅದರೀ."

"ಇರಲಿ ಸರ್ರ, ತೂಕ ನೋಡ್ರಿ!"

ದಿನಾ ತಿರುವಿಹಾಕಲು ರೀಪ್ರಿಂಟೇ ಅನುಕೂಲ, ಆದರೆ ಆ ದುಡ್ಡಿಗಲ್ಲ.

ಒಳಗಿನ ರಾಶಿಯ ಕಥೆಯೇ ಬೇರೆ. 1948ರ ತನಕ ಇಲ್ಲಿ ನಿಜಾಮರ ಆಳ್ವಿಕೆ, ಕಚೇರಿ ಕೋರ್ಟು ಎಲ್ಲ ಉರ್ದು. ವಕೀಲರು, ಪಟವಾರಿಗಳಿದ್ದ ಕನ್ನಡ ಮನೆಗಳಲ್ಲೂ ಉರ್ದು ಪುಸ್ತಕಗಳಿದ್ದವು. ಮೊಮ್ಮಕ್ಕಳಿಗೆ ಆ ಲಿಪಿ ಬರುವುದಿಲ್ಲ, ಮನೆ ಕೆಡವುವಾಗ ರದ್ದಿಗೆ ಹಾಕುತ್ತಾರೆ. ಚಾಚಾ ಕಿಲೋ ಲೆಕ್ಕದಲ್ಲಿ ತಂದು, ಕೂತು ಬಿಡಿಸುತ್ತಾರೆ. 1340 ಎಂದು ಇಸವಿ ಹಾಕಿದ ಕಾನೂನು ಪುಸ್ತಕವೊಂದು ಸಿಕ್ಕಿತು. "ಫಸಲಿ ಅದ, 590 ಕೂಡಸ್ರಿ" ಅಂದರು. ಫಸಲಿ ಅಂದರೆ ನಿಜಾಮರ ಕಚೇರಿಗಳಲ್ಲಿದ್ದ ವರ್ಷದ ಲೆಕ್ಕ; ಹಾಗಾಗಿ ಇದು 1930-31. ಇದೇ ಬೇರೆ ಕಡೆ ಆಗಿದ್ದರೆ ತುಘಲಕ್ ಕಾಲದ್ದೆಂದು ಮಾರುತ್ತಿದ್ದರೋ ಏನೋ! 200 ಕೊಟ್ಟು ತಂದೆ. ನನ್ನ ಮಟ್ಟಿಗೆ ಈ ಅಂಗಡಿ ಇಂಥವಕ್ಕೇ.

ಪುರಾತತ್ವ ತಜ್ಞ ಗುಲಾಮ್ ಯಜ್ದಾನಿಯವರು ಬೀದರಿನ ಕೋಟೆ, ಮದರಸಾ, ಗುಮ್ಮಟಗಳ ಮೇಲೆ ಬರೆದ ಇಂಗ್ಲಿಷ್ ಪುಸ್ತಕದ 1947ರ ಪ್ರತಿಯೂ ಇತ್ತು. ಕೈ ನಡುಗುವಷ್ಟು ಆಸೆಯಾಯಿತು. ಆದರೆ ಮುಂದಿನ ಚಿತ್ರಪಟ್ಟಿ ಇಟ್ಟುಕೊಂಡು ಒಂದೊಂದೇ ತಾಳೆ ನೋಡಿದರೆ ನಡುವಿನ ಹಲವು ಪಟಗಳು ಮಾಯ. ಹೊಲಿಗೆಯ ಪಕ್ಕ ಬ್ಲೇಡಿನ ಗೀರು. ಯಾರೋ ಕತ್ತರಿಸಿ ಫ್ರೇಮ್ ಹಾಕಿಸಿರಬೇಕು. ಚಾಚಾ ತಕರಾರಿಲ್ಲದೆ ಅರ್ಧಕ್ಕಿಳಿದರು. ನಾನೇ ಬೇಡವೆಂದೆ. ಓದಲಿಕ್ಕೆ ಬೇಕಾದವರು ತಗೊಳ್ಳಬಹುದು.

ನನ್ನ ದೊಡ್ಡ ತಕರಾರು ಸೆಲೋಟೇಪಿನದು. ಹರಿದ ಹಾಳೆ ಕಂಡರೆ ಸಾಕು, ಅಂಗಡಿಯ ಹುಡುಗ ಟೇಪ್ ಬಡಿಯುತ್ತಾನೆ. ಕೆಲವೇ ವರ್ಷಕ್ಕೆ ಅದು ಹಳದಿಯಾಗಿ ಅಂಟು ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಕಿತ್ತರೆ ಅಕ್ಷರವೂ ಕಿತ್ತುಬರುತ್ತದೆ. ಹರಿದದ್ದನ್ನು ಹರಿದ ಹಾಗೇ ಕೊಡಿ ಎಂದು ಮೊದಲೇ ಹೇಳಿಬಿಡಿ. ನುಸಿಗುಳಿಗೆ ಧಾರಾಳ, ಆದರೂ ಗೆದ್ದಲು ನೋಡಿಕೊಂಡೇ ಮನೆಗೆ ತನ್ನಿ.

ಬೇಸಿಗೆಯಲ್ಲಿ ಬೆಳಿಗ್ಗೆ ಹೋಗಿ, ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ನಿಲ್ಲಲಾಗದು. ಶುಕ್ರವಾರ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಫೋನ್‌ಪೇ ನಡೆಯುತ್ತದೆ, ಬಿಲ್ ಕೊಡುವುದಿಲ್ಲ. ಐದಕ್ಕೆ ಮೂರೂವರೆ ಅಂಕ; ಕಪಾಟಿನ ಬೆಲೆ ಸರಿಮಾಡಿದರೆ ನಾಲ್ಕು.